ಮಲಪ್ರಭೆಯ ತೀರದ ಶರಣಗದ್ದುಗೆಗಳು

ಸಹ್ಯಾದ್ರಿಯ ಅಂಚಿನ ಕಣಕುಂಬಿಯಲ್ಲಿ ಹುಟ್ಟಿದ ಮಲಪ್ರಭೆಯು ಖಾನಾಪುರದ ಕಾಡನ್ನು ಕಳೆದು, ಕಿತ್ತೂರು ಬೈಲಹೊಂಗಲಗಳ ಸೀಮೆಯನ್ನು ಹಾಯ್ದು, ಸವದತ್ತಿಯ ಬಳಿ ನವಿಲುತೀರ್ಥದ ಗುಡ್ಡವನ್ನು ಸೀಳಿಕೊಂಡು, ರಾಮದುರ್ಗದ ನೆಲವನ್ನು ಬಳಸಿ, ಕಡೆಗೆ ಕೂಡಲಸಂಗಮದಲ್ಲಿ ಕೃಷ್ಣೆಯನ್ನು ಕೂಡುತ್ತದೆ. ಆ ಸಂಗಮವು ಬಸವಣ್ಣನವರು ವಿದ್ಯೆಯನ್ನು ಪಡೆದ ಸ್ಥಳ; ಅವರು ಐಕ್ಯರಾದುದೂ ಅಲ್ಲಿಯೇ ಎಂದು ಪುರಾಣಗಳು ಹೇಳುತ್ತವೆ. ಅದೇ ಹೊಳೆಯ ಮೇಲುಭಾಗದಲ್ಲಿ, ಕಿತ್ತೂರಿಗೆ ಹತ್ತಿರದ ಮುಗುಟಖಾನ ಹುಬ್ಬಳ್ಳಿಯಲ್ಲಿ, ನೀರಿನ ಪಾತ್ರದೊಳಗೇ ಅವರ ಮಡದಿ ಗಂಗಾಂಬಿಕೆಯ ಐಕ್ಯಸ್ಥಳವನ್ನು ತೋರಿಸುತ್ತಾರೆ. ಅಲ್ಲಿಂದ ಕಾಡಿನ ಕಡೆಗೆ ಸರಿದರೆ ಕಕ್ಕೇರಿಯಲ್ಲಿ ಡೋಹರ ಕಕ್ಕಯ್ಯನ ಗದ್ದುಗೆ ಉಂಟು. ಮೂಡಣಕ್ಕೆ ತಿರುಗಿದರೆ ಮುರಗೋಡ ಕಾರಿಮನಿಗಳ ಕಡೆಯ ಹೇಳಿಕೆಗಳಲ್ಲಿ ಮಡಿವಾಳ ಮಾಚಯ್ಯನ ಹೆಸರು ಕೇಳಬರುತ್ತದೆ. ಇನ್ನೂ ಪಡುವಣಕ್ಕೆ, ಘಟ್ಟದ ದಟ್ಟಡವಿಯ ಉಳವಿಯಲ್ಲಿ, ಚನ್ನಬಸವಣ್ಣನವರ ಸಮಾಧಿಯಿದೆ.

ಈ ಹೆಸರುಗಳನ್ನು ಒಟ್ಟಿಗೆ ಇಟ್ಟು ನೋಡುವ ವಾಡಿಕೆ ಕಡಿಮೆ. ಆಯಾ ಕ್ಷೇತ್ರದ ಮಹಾತ್ಮೆಯನ್ನು ಆಯಾ ಕ್ಷೇತ್ರದವರು ಬರೆಯುತ್ತಾರೆ, ಅದು ಸಹಜ. ಆದರೆ ಒಟ್ಟಿಗೆ ಇಟ್ಟಾಗ ತೋರುವ ಸಂಗತಿಯೇ ಬೇರೆ. ಬ್ರಾಹ್ಮಣಕುಲದ ಮಂತ್ರಿಯ ಮಗಳು, ತೊಗಲನ್ನು ಹದಮಾಡುವ ಡೋಹರನು, ಬಟ್ಟೆಯನ್ನೊಗೆಯುವ ಮಡಿವಾಳನು: ಊರಿನೊಳಗೆ ಒಂದು ಬೀದಿಯಲ್ಲಿ ವಾಸಿಸಲಾರದಿದ್ದವರು ಒಂದೇ ಹೊಳೆಯ ಸುತ್ತಣ ನೆಲದಲ್ಲಿ ಒಂದೇ ವೃತ್ತಾಂತದ ಪಾತ್ರಗಳಾಗಿ ನೆನೆಯಲ್ಪಡುತ್ತಿದ್ದಾರೆ. ಹನ್ನೆರಡನೆಯ ಶತಮಾನದ ಸಮಾಜವ್ಯವಸ್ಥೆಯನ್ನು ಬಲ್ಲವರಿಗೆ ಇದು ಸಣ್ಣ ಮಾತಲ್ಲ.

ಅಂದಿನ ವ್ಯವಸ್ಥೆಯು ಜನರನ್ನು ಬೇರ್ಪಡಿಸಿದ್ದುದು ಮುಖ್ಯವಾಗಿ ಮೂರು ಕಟ್ಟುಗಳಿಂದ. ಮೊದಲನೆಯದು ಮುಟ್ಟು, ಎರಡನೆಯದು ಊಟ, ಮೂರನೆಯದು ಕೊಳುಕೊಡೆ. ಕಲ್ಯಾಣದಲ್ಲಿ ಬಸವಣ್ಣನವರ ಸುತ್ತ ಕೂಡಿದ ಶರಣಸಮುದಾಯದ ಚರಿತ್ರೆಯನ್ನು ಈ ಮೂರು ಕಟ್ಟುಗಳನ್ನು ಸಡಿಲಿಸಿದ ಚರಿತ್ರೆಯೆಂದೇ ಓದಬಹುದು.

ಮುಟ್ಟಿನ ಕಟ್ಟನ್ನು ಸಡಿಲಿಸಿದುದು ಇಷ್ಟಲಿಂಗ. ದೇವರು ಗುಡಿಯ ಗರ್ಭದಲ್ಲಿ ಇರುವವರೆಗೆ ಗುಡಿಯ ಹೊಸ್ತಿಲು ಯಾರದೆಂಬ ಪ್ರಶ್ನೆ ತಪ್ಪದು. ದೇವರು ಅಂಗೈಗೆ ಬಂದಮೇಲೆ ಹೊಸ್ತಿಲಿನ ಕಾವಲುಗಾರನಿಗೆ ಕೆಲಸವಿಲ್ಲ. ಇದನ್ನು ತತ್ತ್ವದ ದೃಷ್ಟಿಯಿಂದ ವಿವರಿಸಿದವರು ಅನೇಕರಿದ್ದಾರೆ. ಸಮಾಜದ ದೃಷ್ಟಿಯಿಂದ ಅದರ ಬಲವನ್ನು ಅರಿಯಬೇಕಾದರೆ ಕಕ್ಕಯ್ಯನ ವಚನಗಳನ್ನು ನೋಡತಕ್ಕದ್ದು. 'ಅಭಿನವ ಮಲ್ಲಿಕಾರ್ಜುನ' ಎಂಬ ಅಂಕಿತದಲ್ಲಿ ಅವನವಾಗಿ ದೊರೆತಿರುವ ವಚನಗಳು ಆರು ಮಾತ್ರ. ಅವುಗಳೊಂದರಲ್ಲಿ ಅವನು ಕಷ್ಟದ ಕುಲದಲ್ಲಿ ತನ್ನನ್ನು ಹುಟ್ಟಿಸಿದ ದೇವರೊಡನೆ ವಾದಿಸುತ್ತಾನೆ: ಕೈಗೆ ಮುಟ್ಟುವ ಅಧಿಕಾರವಿಲ್ಲವೆಂದಾದರೆ ಮನಸ್ಸಿಗಾದರೂ ಇಲ್ಲವೆ ಎಂದು ಕೇಳುತ್ತಾನೆ. ಈ ವಚನವನ್ನು ದೀಕ್ಷೆಗೆ ಮುಂಚಿನ ಮಾತೆಂದು ತಿಳಿದು ಮುಂದೆ ಹೋಗುವುದು ಸುಲಭ. ಆದರೆ ಮಾತು ಹಳೆಯ ನೋವನ್ನು ಕುರಿತದ್ದೋ ಉಳಿದ ನೋವನ್ನು ಕುರಿತದ್ದೋ ಎಂಬುದನ್ನು ವಚನ ತಾನಾಗಿ ಹೇಳುವುದಿಲ್ಲ. ಶರಣರ ಕೂಟದಲ್ಲಿ ಕುಲದ ನೆನಪು ಒಂದೇ ದಿನದಲ್ಲಿ ಅಳಿದುಹೋಯಿತೆಂದು ನಂಬುವವರು ಈ ಆರು ವಚನಗಳನ್ನು ಇನ್ನೊಮ್ಮೆ ಓದುವುದು ಒಳ್ಳೆಯದು.

ಬಸವಣ್ಣನವರು ಈ ನೋವಿಗೆ ಕೊಟ್ಟ ಉತ್ತರ ಬಂಧುವಾಚಕಗಳದು. ಮಾದಾರ ಚನ್ನಯ್ಯನನ್ನು ತಂದೆಯ ಸ್ಥಾನದಲ್ಲಿ, ಡೋಹರ ಕಕ್ಕಯ್ಯನನ್ನು ಹಿರಿಯನ ಸ್ಥಾನದಲ್ಲಿ, ಕಿನ್ನರಿ ಬೊಮ್ಮಯ್ಯನನ್ನು ಅಣ್ಣನ ಸ್ಥಾನದಲ್ಲಿ ಇಟ್ಟು ಅವರು ಹೇಳಿಕೊಂಡ ವಚನ ಪಾಠಪುಸ್ತಕಗಳ ಮೂಲಕ ಎಲ್ಲರಿಗೂ ಪರಿಚಿತವಾಗಿದೆ. ಅದನ್ನು ವಿನಯದ ಮಾತೆಂದು ಬೋಧಿಸುವುದು ರೂಢಿ. ವಿನಯ ಉಂಟು, ಸರಿಯೆ. ಆದರೆ ಕನ್ನಡನಾಡಿನಲ್ಲಿ ಅಪ್ಪ, ಅಣ್ಣ, ಚಿಕ್ಕಯ್ಯ ಎಂಬ ಮಾತುಗಳು ಬರಿಯ ಮರ್ಯಾದೆಯ ಮಾತುಗಳಲ್ಲ. ಯಾರ ಮನೆಯಲ್ಲಿ ಉಣ್ಣಬೇಕು, ಯಾರು ಸತ್ತರೆ ಸೂತಕ ಹಿಡಿಯಬೇಕು, ಯಾರಿಗೆ ಹೆಣ್ಣು ಕೊಡಬಹುದು ಎಂಬುದನ್ನೆಲ್ಲ ಗೊತ್ತುಮಾಡುವ ಮಾತುಗಳು ಅವು. ಹುಟ್ಟಿನಿಂದ ಬ್ರಾಹ್ಮಣನಾದವನು, ಅದರಲ್ಲಿಯೂ ರಾಜನ ಭಂಡಾರಿಯಾದವನು, ಮಾದಾರನ ಮಗನೆಂದು ತನ್ನನ್ನು ಕರೆದುಕೊಂಡಾಗ, ಕೇಳಿದವರು ಅದನ್ನು ಅಲಂಕಾರವೆಂದು ತಿಳಿಯಲಿಲ್ಲ. ಸಂಬಂಧದ ಘೋಷಣೆಯೆಂದೇ ತಿಳಿದರು.

ಊಟದ ಕಟ್ಟಿನ ವಿಷಯದಲ್ಲಿ ಆಕರಗಳು ಸ್ಪಷ್ಟವಾಗಿವೆ. ಹರಿಹರನ ಬಸವರಾಜದೇವರ ರಗಳೆಯಲ್ಲಿ ಬಸವಣ್ಣನವರು ನಾಗಿದೇವನ ಮನೆಗೆ ಹೋಗಿ ಪ್ರಸಾದವನ್ನು ಸ್ವೀಕರಿಸಿದ ಪ್ರಸಂಗವೂ, ಅದನ್ನು ಸಹಿಸದವರು ಬಿಜ್ಜಳನ ಬಳಿ ದೂರು ಒಯ್ದ ಪ್ರಸಂಗವೂ ಬರುತ್ತವೆ. ಪಾಲ್ಕುರಿಕೆ ಸೋಮನಾಥನ ತೆಲುಗು ಬಸವಪುರಾಣದಲ್ಲಿಯೂ ಇದಕ್ಕೆ ಹೊಂದುವ ಕಥೆಯಿದೆ. ಒಬ್ಬರನ್ನೊಬ್ಬರು ಅವಲಂಬಿಸದೆ ಬೇರೆ ಬೇರೆ ಭಾಷೆಗಳಲ್ಲಿ ಬರೆದ ಇಬ್ಬರು ಕವಿಗಳಲ್ಲಿ ಒಂದೇ ಸಂಗತಿ ಉಳಿದುಬಂದಿರುವುದರಿಂದ ಅದರ ಬೇರು ಹಳೆಯದೆಂದು ಒಪ್ಪಬಹುದು. ಪವಾಡದ ಭಾಗವನ್ನು ತೆಗೆದುಹಾಕಿದರೂ ದೂರಿನ ಭಾಗ ಉಳಿಯುತ್ತದೆ. ಊಟ ನಡೆದಿರದಿದ್ದರೆ ದೂರಿಗೆ ಕಾರಣವೇನು?

ಮೂರನೆಯ ಕಟ್ಟು ಹಾಗಲ್ಲ. ಸಮಗಾರ ಹರಳಯ್ಯನ ಮಗನಿಗೂ ಬ್ರಾಹ್ಮಣ ಮಧುವರಸನ ಮಗಳಿಗೂ ಶರಣರು ಮದುವೆ ಮಾಡಿದರೆಂಬುದೂ, ಅದರಿಂದ ಕೆರಳಿದ ಬಿಜ್ಜಳನು ಆ ಇಬ್ಬರು ತಂದೆಯರಿಗೆ ಘೋರಶಿಕ್ಷೆ ವಿಧಿಸಿದನೆಂಬುದೂ, ಅಲ್ಲಿಂದಲೇ ಕಲ್ಯಾಣದ ಕ್ಷೋಭೆ ಹುಟ್ಟಿತೆಂಬುದೂ ಇಂದು ನಾಟಕಗಳಿಂದಲೂ ಪುರಾಣಪ್ರವಚನಗಳಿಂದಲೂ ಮನೆಮಾತಾಗಿದೆ. ಆದರೆ ಸೋಮನಾಥನಲ್ಲಿಯೂ, ಅವನನ್ನು ಅನುಸರಿಸಿ 1369ರಲ್ಲಿ ಕನ್ನಡ ಬಸವಪುರಾಣವನ್ನು ರಚಿಸಿದ ಭೀಮಕವಿಯಲ್ಲಿಯೂ ಅಲ್ಲಯ್ಯ ಮಧುವಯ್ಯರೆಂಬ ಶರಣರ ಕಣ್ಣು ಕೀಳಿಸಿದ ಸಂಗತಿಯಿದೆಯೇ ಹೊರತು ಮದುವೆಯ ಪ್ರಸ್ತಾಪವಿಲ್ಲ. ಮದುವೆಯ ವೃತ್ತಾಂತವು ಅನಂತರದ ಪುರಾಣಗಳಲ್ಲಿ ಬೆಳೆದುಬಂದಿದೆ. ಇದರಿಂದ ಮದುವೆ ನಡೆಯಲೇ ಇಲ್ಲವೆಂದು ತೀರ್ಮಾನಿಸುವುದು ಅವಸರವಾದೀತು. ನಡೆದುದು ನಿಶ್ಚಯವೆಂದು ಬೋಧಿಸುವುದೂ ಅಷ್ಟೇ ಅವಸರ. ಇಲ್ಲಿ ಗಮನಿಸತಕ್ಕ ಸಂಗತಿಯೊಂದುಂಟು. ಶಿಕ್ಷೆಗೆ ಕಾರಣವೇನಿರಬಹುದೆಂದು ಮುಂದಿನ ತಲೆಮಾರುಗಳು ಯೋಚಿಸಿದಾಗ ಅವರಿಗೆ ಹೊಳೆದ ಕಾರಣ ಮದುವೆಯೊಂದೇ. ಕೆಳಕುಲದ ವರ, ಮೇಲ್ಕುಲದ ವಧು: ಧರ್ಮಶಾಸ್ತ್ರಕಾರರು ಪ್ರತಿಲೋಮವೆಂದು ನಿಂದಿಸಿದ ಪರಿ ಇದು. ಆಳುವವರಿಂದ ಸಹಿಸಲಾಗದ ಕಟ್ಟು ಯಾವುದೆಂಬುದನ್ನು ಜನ ಅನುಭವದಿಂದ ಅರಿತಿದ್ದರು. ಭಾರತದಲ್ಲಿ ಭಿನ್ನಜಾತಿಯ ಹಿಂದೂಗಳ ಮದುವೆಗೆ ಶಂಕೆಯಿಲ್ಲದ ಮಾನ್ಯತೆಯನ್ನು ಕೊಡುವ ಕಾಯಿದೆ ಬಂದದ್ದು 1949ರಲ್ಲಿ ಎಂಬುದನ್ನು ನೆನೆದರೆ ಆ ಅನುಭವ ಎಷ್ಟು ಕಾಲ ಬಾಳಿತೆಂಬುದು ತಿಳಿಯುತ್ತದೆ.

ಈ ಕ್ರಮ ಕನ್ನಡನಾಡಿಗೆ ಮಾತ್ರ ಸೇರಿದುದಲ್ಲ. ಅಮೆರಿಕದ ದಕ್ಷಿಣ ಸಂಸ್ಥಾನಗಳಲ್ಲಿ ಆಫ್ರಿಕಾ ಮೂಲದವರನ್ನೂ ಬಿಳಿಯರನ್ನೂ ಶಾಲೆಯಲ್ಲಿ, ರೈಲಿನಲ್ಲಿ, ಊಟದ ಮನೆಯಲ್ಲಿ ಕಾಯಿದೆಯಿಂದಲೇ ಬೇರ್ಪಡಿಸಿದ್ದ ಕಾಲದಲ್ಲಿ ಬಹಾಯಿ ಮತದವರು ಎರಡು ವರ್ಣದವರನ್ನೂ ಒಂದು ಸಮುದಾಯವಾಗಿ ಕೂಡಿಸಲು ಯತ್ನಿಸಿದರು. ದಕ್ಷಿಣ ಕ್ಯಾರೊಲಿನದ ಚಾರ್ಲ್ಸ್‌ಟನ್ನಿನಲ್ಲಿ 1874ರಲ್ಲಿ ಹುಟ್ಟಿದ ಕಪ್ಪುವರ್ಣದ ವಕೀಲ ಲೂಯಿ ಗ್ರೆಗರಿ 1909ರಲ್ಲಿ ಆ ಮತವನ್ನು ಸ್ವೀಕರಿಸಿದರು. 1912ರಲ್ಲಿ ವಾಷಿಂಗ್ಟನ್ನಿಗೆ ಬಂದ ಅಬ್ದುಲ್ ಬಹಾ ಅವರು ಗಣ್ಯರ ಭೋಜನಕೂಟವೊಂದರಲ್ಲಿ ಪಂಕ್ತಿಯ ಮರ್ಯಾದೆಯನ್ನು ಬದಿಗೊತ್ತಿ ಗ್ರೆಗರಿಯವರನ್ನು ತಮ್ಮ ಪಕ್ಕದಲ್ಲಿ ಕೂರಿಸಿಕೊಂಡರು. ಅದೇ ವರ್ಷ ಗ್ರೆಗರಿಯವರು ಲೂಯಿಸಾ ಮ್ಯಾಥ್ಯೂ ಎಂಬ ಇಂಗ್ಲೆಂಡಿನ ಮಹಿಳೆಯನ್ನು ಮದುವೆಯಾದರು. ಅಂತಹ ಮದುವೆ ಆಗ ಅನೇಕ ಸಂಸ್ಥಾನಗಳಲ್ಲಿ ಅಪರಾಧವಾಗಿದ್ದಿತು. ಆ ಕಾಯಿದೆಗಳು ಆ ದೇಶದಲ್ಲಿ ಪೂರ್ತಿಯಾಗಿ ಅಸಿಂಧುವಾದುದು 1967ರಲ್ಲಿ. ಅಲ್ಲಿಯೂ ಊಟ ಮೊದಲು, ಮದುವೆ ಅನಂತರ; ಅಲ್ಲಿಯೂ ಕಡೆಗೆ ಬಿಚ್ಚಿದ ಕಟ್ಟು ಮದುವೆಯದೇ. ಎಂಟು ಶತಮಾನಗಳ ಅಂತರವುಳ್ಳ ಎರಡು ಸಮುದಾಯಗಳಿಗೆ ಬೇರಾವ ಸಂಬಂಧವನ್ನೂ ಕಲ್ಪಿಸಬೇಕಾಗಿಲ್ಲ. ಬೇರ್ಪಡಿಸುವ ವ್ಯವಸ್ಥೆಗಳ ರಚನೆ ಒಂದೇ ಬಗೆಯದೆಂಬುದಷ್ಟೇ ಇಲ್ಲಿಯ ಮಾತು.

ಇನ್ನು ಮಲಪ್ರಭೆಯ ಸೀಮೆಗೆ ಮರಳಬೇಕು. ಶರಣರು ಕಲ್ಯಾಣವನ್ನು ಬಿಟ್ಟು ಈ ದಿಕ್ಕಿಗೇ ಏಕೆ ಬಂದರು?

ಅಂದಿನ ರಾಜ್ಯಗಳ ಎಲ್ಲೆಗಳನ್ನು ನೆನೆದರೆ ಇದಕ್ಕೆ ಸಮಾಧಾನ ದೊರೆಯುತ್ತದೆ. ಸವದತ್ತಿಯು ಆಗ ಸುಗಂಧವರ್ತಿಯೆಂಬ ಹೆಸರಿನಿಂದ ಕೂಂಡಿ ಮೂರುಸಾಸಿರವನ್ನಾಳುತ್ತಿದ್ದ ರಟ್ಟರ ರಾಜಧಾನಿಯಾಗಿದ್ದಿತು. ಅವರು ಕಲ್ಯಾಣದ ಪ್ರಭುಗಳಿಗೆ ನಡೆದುಕೊಳ್ಳುತ್ತಿದ್ದ ಸಾಮಂತರು, ಜೈನಧರ್ಮದ ಪೋಷಕರು. ರಾಮದುರ್ಗದ ಕಡೆಯದು ತೊರಗಲೆ ನಾಡು. ಕಿತ್ತೂರಿನಿಂದ ಪಡುವಣದ ಭಾಗವಾದರೋ ಹಲಸಿಯನ್ನೊಳಗೊಂಡ ಗೋವೆಯ ಕದಂಬರ ಆಳ್ವಿಕೆಯಲ್ಲಿದ್ದಿತು. ಕಲಚುರಿಗಳ ಕೈ ಸುಲಭವಾಗಿ ಚಾಚದ ನೆಲವನ್ನು ಅರಸುವವರಿಗೆ ಹೊಳೆಯ ದಡ ಹಿಡಿದು ಮೇಲಕ್ಕೆ, ಬಯಲಿನಿಂದ ಕಾಡಿಗೆ, ರಟ್ಟರ ಸೀಮೆಯಿಂದ ಕದಂಬರ ಸೀಮೆಗೆ ಸರಿಯುವುದು ವಿವೇಕದ ಮಾರ್ಗವೇ. ಉಳವಿಯಂತಹ ಸ್ಥಳವನ್ನು ಆರಿಸಿದುದಕ್ಕೆ ಪುರಾಣಗಳು ದೈವಸಂಕಲ್ಪವನ್ನು ಹೇಳುತ್ತವೆ; ಭೂಗೋಳವೂ ಅದನ್ನೇ ಹೇಳುತ್ತದೆ.

ಆದರೆ ಆ ನೆಲದ ವ್ಯವಸ್ಥೆ ಮಾತ್ರ ಬೇರೆಯಾಗಿರಲಿಲ್ಲ. ಕಿತ್ತೂರಿನಿಂದ ಕೆಲವೇ ಮೈಲಿ ದೂರದ ದೇಗಾವಿಯಲ್ಲಿ ಕಮಲನಾರಾಯಣನ ಗುಡಿಯೊಂದಿದೆ. ಕದಂಬ ಪೆರ್ಮಾಡಿದೇವನ ರಾಣಿ ಕಮಲಾದೇವಿಯು ಅದನ್ನು ಕಟ್ಟಿಸಿ, ದೇಗಾಂವೆಯನ್ನು ಬ್ರಾಹ್ಮಣರಿಗೆ ಅಗ್ರಹಾರವಾಗಿ ಕೊಟ್ಟಳೆಂದು 1174ರ ಸುಮಾರಿನ ಶಾಸನ ತಿಳಿಸುತ್ತದೆ. ಗುಡಿಯ ರೂವಾರಿ ತಿಪ್ಪೋಜನ ಹೆಸರೂ ಅಲ್ಲಿ ಉಳಿದಿದೆ. ಬಿಜ್ಜಳನ ಆಳ್ವಿಕೆ ಮುಗಿದುದು 1167–68ರಲ್ಲಿ. ಎಂದರೆ, ಚದರಿದ ಶರಣರು ಈ ಕಾಡನ್ನು ಹೊಕ್ಕರೆಂದು ನೆನಪು ಹೇಳುವ ಕಾಲಕ್ಕೆ ಆರೇಳು ವರ್ಷಗಳೊಳಗೆ, ಅದೇ ಸೀಮೆಯಲ್ಲಿ, ಹುಟ್ಟಿನಿಂದಲೇ ಹಕ್ಕು ಬರುವ ಒಂದು ಊರು ಕಲ್ಲಿನಲ್ಲಿ ಬರೆದು ಸ್ಥಾಪಿತವಾಯಿತು. ಗುಡಿಯ ಕೆತ್ತನೆಯನ್ನು ಹೊಗಳುವವರು ಹೊಗಳಲಿ, ಅದು ಹೊಗಳಿಕೆಗೆ ಯೋಗ್ಯವೇ. ಆದರೆ ಅಗ್ರಹಾರದ ಪಾಲುಗಳು ಶಾಸನದಲ್ಲಿ ಲೆಕ್ಕಕ್ಕೆ ಸಿಕ್ಕಿದಾಗ, ಕಕ್ಕೇರಿಯ ಡೋಹರನಿಗೆ ಯಾವ ಅರಸನೂ ಒಂದು ಅಂಗುಲ ಶಿಲೆಯನ್ನು ಬರೆಸಲಿಲ್ಲವೆಂಬುದನ್ನು ಜೊತೆಯಲ್ಲಿಯೇ ಕಾಣಬೇಕು. ಶಾಸನವಿಲ್ಲದುದರಿಂದ ಸಂಗತಿಯಿಲ್ಲವೆಂಬ ವಾದ ಇಂತಹ ಸಮುದಾಯದ ಚರಿತ್ರೆಯಲ್ಲಿ ಸಲ್ಲದು. ಶಾಸನವೆಂಬುದು ದಾನದ ದಾಖಲೆ. ದಾನ ಪಡೆಯದವರು ಅದರಲ್ಲಿ ಬರುವುದು ಹೇಗೆ?

ಹಾಗೆಂದು ಸ್ಥಳದ ಹೇಳಿಕೆಗಳನ್ನೆಲ್ಲ ಕಣ್ಣು ಮುಚ್ಚಿ ಒಪ್ಪಬೇಕಾಗಿಯೂ ಇಲ್ಲ. ಕಿತ್ತೂರಿನ ಬಳಿಯ ಕಾದರವಳ್ಳಿಯಲ್ಲಿ ಶರಣರಿಗೂ ಬೆನ್ನಟ್ಟಿ ಬಂದ ಸೈನ್ಯಕ್ಕೂ ಕಾಳಗವಾಯಿತೆಂದೂ, 'ಕಾದಿದ ಹಳ್ಳಿ'ಯಾದುದರಿಂದ ಊರಿಗೆ ಆ ಹೆಸರಾಯಿತೆಂದೂ ಹೇಳುತ್ತಾರೆ. ಮಲಪ್ರಭೆಯ ನಡುವೆ ನಿಂತಿರುವ ಅಲ್ಲಿಯ ಶಂಕರಲಿಂಗನ ಗುಡಿಯು ಚಾಲುಕ್ಯರ ಕಾಲದ್ದು; ಶರಣರಿಗಿಂತ ಮೊದಲೇ ಅಲ್ಲಿ ಊರಿದ್ದಿತು. ಆದುದರಿಂದ ಈ ನಿಷ್ಪತ್ತಿಯು ಹೆಸರು ಇದ್ದಮೇಲೆ ಕಥೆಗೆ ಹೊಂದಿಸಿದುದೆಂದು ತೋರುತ್ತದೆ. ಕಾಳಗ ನಡೆದಿರಬಹುದು; ಆದರೆ ಊರ ಹೆಸರು ಅದಕ್ಕೆ ಸಾಕ್ಷಿಯಾಗಲಾರದು. ಬಿಜ್ಜಳನ ಅಂತ್ಯದ ವಿಷಯದಲ್ಲಿಯೂ ಇಂತಹ ಎಚ್ಚರ ಬೇಕು. ಪುರಾಣಗಳು ಕೊಲೆಯನ್ನು ವಿಸ್ತಾರವಾಗಿ ವರ್ಣಿಸುತ್ತವೆ. ಶಾಸನಗಳಿಂದ ತಿಳಿಯುವುದು ಅವನ ಮಗ ಸೋವಿದೇವನು ಪಟ್ಟವೇರಿದ ಸಂಗತಿ ಮಾತ್ರ.

ಬಸವಣ್ಣನವರನ್ನೇ ಶಾಸನಗಳು ಅರಿಯವೆಂದು ಒಂದು ಕಾಲದಲ್ಲಿ ಶಂಕೆ ಎದ್ದಿದ್ದಿತು. ಆ ಶಂಕೆಯನ್ನು ಕಳೆದುದು ಇದೇ ಬೆಳಗಾವಿ ಜಿಲ್ಲೆಯ, ಹುಕ್ಕೇರಿ ತಾಲ್ಲೂಕಿನ ಅರ್ಜುನವಾಡದ 1260ರ ಶಾಸನ. ಬಾಗೇವಾಡಿಯ ಮಾದಿರಾಜನ ಮಗನೆಂದು ಅವರನ್ನು ಅದು ಹೆಸರಿಸುತ್ತದೆ. ಕಲ್ಯಾಣದ ಕ್ಷೋಭೆ ಕಳೆದು ನೂರು ವರ್ಷಗಳೊಳಗೆ, ಕಲ್ಯಾಣದಿಂದ ಬಹುದೂರದ ಈ ಮೂಲೆಯಲ್ಲಿ, ಬಸವಣ್ಣನವರ ವಂಶದ ಹೆಸರು ಗೌರವದಿಂದ ಕಲ್ಲಿಗೇರಿದ್ದಿತೆಂಬುದು ಮಲಪ್ರಭೆಯ ಸೀಮೆಯ ನೆನಪುಗಳಿಗೂ ಸ್ವಲ್ಪ ಬಲವನ್ನು ಕೊಡುತ್ತದೆ. ಶರಣರು ಈ ಕಡೆಗೆ ಬಂದರೆಂಬುದು ಬರಿಯ ಊಹೆಯಾಗಿ ಉಳಿಯುವುದಿಲ್ಲ. ಆದರೆ ಅರ್ಜುನವಾಡದ ಕಲ್ಲಿನ ಮೇಲೆ ಹೊಳೆಯುವುದು ಬಸವಣ್ಣನವರ ಹೆಸರು. ಕಕ್ಕಯ್ಯನ ಸಾಕ್ಷ್ಯವನ್ನು ಗದ್ದುಗೆಯಲ್ಲಿಯೂ ವಚನದಲ್ಲಿಯೂ ಹುಡುಕಬೇಕು.

ಆ ಗದ್ದುಗೆಗಳಿಗೆ ಅನಂತರ ಒದಗಿದ ಗತಿ ಇನ್ನೂ ವಿಚಾರಣೀಯವಾದುದು. ಒಂದು ಸಮುದಾಯವಾಗಿ ಹೊರಟವರ ನೆನಪು ಕ್ರಮೇಣ ಜಾತಿಗಳ ಪಾಲಿಗೆ ಹಂಚಿಹೋಯಿತು. ಕಕ್ಕಯ್ಯನು ಡೋಹರರ ಕುಲಗುರುವಾದನು. ಮಾಚಯ್ಯನು ಮಡಿವಾಳರ ಕುಲಗುರುವಾದನು. ಅಂಬಿಗರ ಚೌಡಯ್ಯನು ಅಂಬಿಗರವನಾದನು. ಹಡಪದ ಅಪ್ಪಣ್ಣನು ಹಡಪದರವನಾದನು. ಕುಲವನ್ನು ದಾಟಿದವರು ಕುಲದ ಗುರುತಾಗಿ ಉಳಿದರು. ಇದನ್ನು ಕೇವಲ ಪತನವೆಂದು ಹೇಳಿ ಮುಗಿಸುವುದು ಅನ್ಯಾಯ. ಮಠಗಳ ದೊಡ್ಡ ಪರಂಪರೆ ಪೂರ್ತಿಯಾಗಿ ಕೈಗೆತ್ತಿಕೊಳ್ಳದಿದ್ದ ಹೆಸರುಗಳನ್ನು ಆ ಬಡಜನರೇ ಜಾತ್ರೆ, ಹರಕೆ, ಪಲ್ಲಕ್ಕಿಗಳಿಂದ ಎಂಟುನೂರು ವರ್ಷ ಕಾಪಾಡಿದರು. ಅವರು ಕಾಪಾಡದಿದ್ದರೆ ಕಕ್ಕೇರಿಯು ಕಾಡಿನಂಚಿನ ಇನ್ನೊಂದು ಹಳ್ಳಿಯಾಗಿರುತ್ತಿದ್ದಿತು.

ಪುರಾಣಕವಿಗಳ ಕೈಯಲ್ಲಿ ನಡೆದ ಮಾರ್ಪಾಡು ಇನ್ನೊಂದು ತೆರನಾದುದು. ಮಾಚಯ್ಯನು ದೇವರ ಹಿಪ್ಪರಗಿಯಲ್ಲಿ ಹುಟ್ಟಿದ ಮಡಿವಾಳ. 'ಕಲಿದೇವರದೇವ' ಎಂಬ ಅಂಕಿತದಲ್ಲಿ ಅವನ ಮುನ್ನೂರಕ್ಕೂ ಮಿಕ್ಕ ವಚನಗಳಿವೆ. ಬಸವಣ್ಣನವರನ್ನೂ ತಿದ್ದಬಲ್ಲ ನಿಷ್ಠುರವಾದಿಯೆಂದು ಅವನ ಖ್ಯಾತಿ. ಅಂತಹವನನ್ನು ಪುರಾಣಗಳು ವೀರಭದ್ರನ ಅಂಶವೆಂದು ವರ್ಣಿಸಿದವು. ರಾಮದುರ್ಗ ಸೀಮೆಯ ಗೊಡಚಿಯಲ್ಲಿ ವೀರಭದ್ರನ ಭಕ್ತಿ ಎಷ್ಟು ಬಲವಾಗಿದೆಯೆಂಬುದನ್ನು ಅಲ್ಲಿಯ ಜಾತ್ರೆಯನ್ನು ಕಂಡವರು ಬಲ್ಲರು. ಇಂತಹ ನಾಡಿನಲ್ಲಿ ಈ ವರ್ಣನೆಗೆ ನೆಲೆ ದೊರೆತುದು ಆಶ್ಚರ್ಯವಲ್ಲ. ಗೌರವದಿಂದಲೇ ಮಾಡಿದ ಮಾರ್ಪಾಡು ಅದು. ಆದರೆ ಅದರ ಫಲವೇನಾಯಿತೆಂದರೆ, ಮಡಿವಾಳನೊಬ್ಬನು ಮಡಿವಾಳನಾಗಿದ್ದುಕೊಂಡೇ ಮಂತ್ರಿಯ ಸರಿಸಮಾನನಾಗಿ ಕುಳಿತನೆಂಬ ಇಕ್ಕಟ್ಟಿನ ಸಂಗತಿ ಮರೆಯಾಯಿತು. ಕೈಲಾಸದಿಂದ ಇಳಿದುಬಂದ ಗಣೇಶ್ವರನು ಯಾರ ಪಕ್ಕದಲ್ಲಿ ಕುಳಿತರೂ ಯಾರಿಗೂ ಅಡ್ಡಿಯಿಲ್ಲವಷ್ಟೆ! ಹುಟ್ಟನ್ನು ಲೆಕ್ಕಕ್ಕೆ ತರಬಾರದೆಂದು ಸಾರಿದವನಿಗೆ ಕವಿಗಳು ಇನ್ನೂ ಶ್ರೇಷ್ಠವಾದ ಹುಟ್ಟನ್ನು ಕಲ್ಪಿಸಿದರು. ಪುರಾಣದ ಮಾಚಿದೇವನಿಗಿಂತ ವಚನದ ಮಾಚಯ್ಯನನ್ನು ಮೊದಲು ಓದಿಸುವ ಅಧ್ಯಾಪಕರು ಈ ಕಾರಣದಿಂದ ಸರಿಯಾದ ದಾರಿಯಲ್ಲಿದ್ದಾರೆ.

ಗಂಗಾಂಬಿಕೆಯ ವಿಷಯದಲ್ಲಿ ಪುರಾಣಗಳು ಇಷ್ಟು ಶ್ರಮಪಡಲಿಲ್ಲ. 'ಗಂಗಾಪ್ರಿಯ ಕೂಡಲಸಂಗ' ಎಂಬ ಅಂಕಿತದ ಕೆಲವೇ ವಚನಗಳು ಅವಳವಾಗಿ ಉಳಿದಿವೆ. ಕಾದರವಳ್ಳಿಯ ಕಾಳಗದ ಕಥೆಯಲ್ಲಿ ಅವಳು ಖಡ್ಗ ಹಿಡಿದವಳೆಂದು ಈ ಸೀಮೆಯವರು ಹಾಡುತ್ತಾರೆ. ಮಂತ್ರಿಯ ಮಗಳೂ ಭಂಡಾರಿಯ ಮಡದಿಯೂ ಆದವಳು ಹಡಪದವರ, ಮಡಿವಾಳರ, ಡೋಹರರ ಗುಂಪಿನೊಡನೆ ಕಾಡುದಾರಿ ಹಿಡಿದಳೆಂದು ಆ ಹಾಡಿನ ಸಾರ. ಕಲ್ಯಾಣದಲ್ಲಿ ಬಂಧುವಾಚಕಗಳಿಂದ ಕಟ್ಟಿದ ಮನೆತನ ಅಪಾಯದ ಹೊತ್ತಿನಲ್ಲಿ ಮುರಿಯದೆ ನಿಂತಿತೋ ಇಲ್ಲವೋ ಎಂಬ ಪ್ರಶ್ನೆಗೆ ಮಲಪ್ರಭೆಯ ತೀರದ ಜನ ಕೊಟ್ಟಿರುವ ಉತ್ತರವದು. ಕಕ್ಕಯ್ಯನು ವಚನದ ಕಟ್ಟುಗಳ ರಕ್ಷಣೆಗಾಗಿ ಹೋರಾಡಿ ಕಕ್ಕೇರಿಯಲ್ಲಿ ಮಡಿದನೆಂಬ ಹೇಳಿಕೆಯೂ ಅದೇ ಉತ್ತರದ ಇನ್ನೊಂದು ಭಾಗ.

ಆ ಕಟ್ಟುಗಳು ಯಾವ ಕೈಗಳಿಂದ ಯಾವ ಕೈಗಳಿಗೆ ಹೋದವೋ, ಮಠಗಳಲ್ಲಿಯೂ ಮನೆಗಳ ಅಟ್ಟಗಳಲ್ಲಿಯೂ ಶತಮಾನಗಳ ಕಾಲ ಪ್ರತಿಯಾಗುತ್ತ ಬಂದವು. ಧಾರವಾಡದಲ್ಲಿ ಹುಟ್ಟಿ ವಿಜಾಪುರದಲ್ಲಿ ವಕೀಲಿ ನಡೆಸುತ್ತಿದ್ದ ಫ. ಗು. ಹಳಕಟ್ಟಿಯವರು ಓಲೆಗಳನ್ನು ಅರಸಿ ಕೂಡಿಸಿದ 'ವಚನಶಾಸ್ತ್ರಸಾರ'ದ ಮೊದಲನೆಯ ಭಾಗವು 1923ರಲ್ಲಿ ಅಚ್ಚಾಯಿತು. ಅಚ್ಚಾದ ಸ್ಥಳ ಬೆಳಗಾವಿಯ ಮಹಾವೀರ ಮುದ್ರಣಾಲಯ. ಕಕ್ಕೇರಿಯಿಂದ ಎತ್ತಿನ ಬಂಡಿಯಲ್ಲಿ ಹೊರಟರೆ ಎರಡು ದಿನದ ದಾರಿ.